ಕಾದಂಬರಿ ಓದಬಲ್ಲೆ, ಕವಿತೆಯ ಮುಂದೆ ಮಾತ್ರ ನಿಂತುಬಿಡುತ್ತೇನೆ

ಗದ್ಯಪ್ರಿಯ

ವಯಸ್ಸು ನಲವತ್ತು ದಾಟಿದೆ. ಓದುವುದು ನನಗೆ ಹೊಸದಲ್ಲ. ಕಾದಂಬರಿ, ಆತ್ಮಕಥೆ, ಪ್ರವಾಸ ಕಥನ, ಇತಿಹಾಸ, ಯಾವುದನ್ನು ಕೈಗೆ ಕೊಟ್ಟರೂ ಮುಗಿಸಿಯೇ ಕೆಳಗಿಡುವ ಸ್ವಭಾವ ನನ್ನದು. ಕವನ ಸಂಕಲನ ಮಾತ್ರ ಕೈಯಲ್ಲಿ ನಿಲ್ಲುವುದೇ ಇಲ್ಲ. ಮೂರನೆಯ ಕವಿತೆಗೆ ಬರುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ. ಹತ್ತನೆಯದರ ಹೊತ್ತಿಗೆ ಕಣ್ಣು ಸಾಲುಗಳ ಮೇಲೆ ಸುಮ್ಮನೆ ಜಾರುತ್ತಿರುತ್ತದೆ.

ಶಾಲೆಯಲ್ಲಿ ಪದ್ಯವೆಂದರೆ ಸಾರಾಂಶವಾಗಿತ್ತು. 'ಈ ಪದ್ಯದ ಸಾರಾಂಶವನ್ನು ನಿಮ್ಮ ಮಾತುಗಳಲ್ಲಿ ಬರೆಯಿರಿ', 'ಸಂದರ್ಭ ಸಹಿತ ವಿವರಿಸಿ'. ವರ್ಷಗಟ್ಟಲೆ ಇದನ್ನೇ ಮಾಡಿದ್ದರಿಂದಲೋ ಏನೋ, ಈಗಲೂ ಕವಿತೆ ಕಂಡೊಡನೆ ಮನಸ್ಸು ಉತ್ತರ ಪತ್ರಿಕೆ ಹಿಡಿದು ಕೂರುತ್ತದೆ. ಸಾರಾಂಶ ಸಿಕ್ಕರೆ 'ಇಷ್ಟೇ ತಾನೇ, ನೇರವಾಗಿ ಹೇಳಬಹುದಿತ್ತಲ್ಲ' ಎನಿಸುತ್ತದೆ. ಸಿಗದಿದ್ದರೆ ಕೊರತೆ ನನ್ನಲ್ಲೇ ಇದೆ ಎನಿಸುತ್ತದೆ. ಎರಡರಲ್ಲೂ ಸುಖವಿಲ್ಲ.

ಕವಿತೆ ನನ್ನ ಪಾಲಿಗಲ್ಲ ಎಂದು ಬಿಟ್ಟುಬಿಡಬಹುದಿತ್ತು. ಬಿಡಲು ಆಗದಿರುವುದಕ್ಕೆ ಕಾರಣವಿದೆ. ನನ್ನ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಬಾಯಲ್ಲಿ ಎಷ್ಟೋ ಪದ್ಯಗಳಿದ್ದವು. ಕೆಲಸ ಮಾಡುತ್ತಲೇ ಹೇಳಿಕೊಳ್ಳುತ್ತಿದ್ದಳು. ನಡುವೆ ಒಂದು ಮಾತು ಮರೆತುಹೋದರೆ ಅಲ್ಲೇ ತಡಕಾಡುತ್ತಿರಲಿಲ್ಲ, ಪದ್ಯದ ಮೊದಲಿಗೆ ಹೋಗಿ ಮತ್ತೆ ಶುರು ಮಾಡುತ್ತಿದ್ದಳು. ಎರಡನೆಯ ಸಲ ಆ ಮಾತು ತಾನಾಗಿ ಬಂದು ಕೂರುತ್ತಿತ್ತು. ನಾನು ಪಕ್ಕದಲ್ಲೇ ಇರುತ್ತಿದ್ದೆ, ಕಿವಿ ಕೊಡಲಿಲ್ಲ. ಹೋದ ವರ್ಷ ತೀರಿಕೊಂಡಳು. ಅವಳಿಗೆ ಆ ಪದ್ಯಗಳಿಂದ ಏನು ಸಿಗುತ್ತಿತ್ತೋ ಅದು ನನಗೂ ಬೇಕು. ಎಲ್ಲಿಂದ ಹಿಡಿಯಲಿ?

ಇರುಳೋದು

ಗದ್ಯಪ್ರಿಯ ಅವರೇ, ನೀವು ಕವನ ಸಂಕಲನವನ್ನು ಕಾದಂಬರಿಯ ಹಾಗೆ ಓದುತ್ತಿದ್ದೀರಿ, ಮುಗಿಸುವುದಕ್ಕಾಗಿ. ಅದು ಮುಗಿಸುವ ಪುಸ್ತಕವೇ ಅಲ್ಲ. ಒಬ್ಬ ಕವಿ ಹತ್ತು ವರ್ಷದಲ್ಲಿ ಬರೆದ ಐವತ್ತು ಕವಿತೆಗಳನ್ನು ಒಂದು ಸಂಜೆಯಲ್ಲಿ ನುಂಗಿದರೆ ಯಾವುದಾದರೂ ಹೇಗೆ ಉಳಿದೀತು?

ನಾನು ಮಾಡುವುದು ಇಷ್ಟು. ದಿನಕ್ಕೆ ಒಂದೇ ಕವಿತೆ. ಮಲಗುವ ಮುಂಚೆ ಒಮ್ಮೆ ಮನಸ್ಸಿನಲ್ಲಿ ಓದುತ್ತೇನೆ, ಆಮೇಲೆ ಎರಡು ಸಲ ಗಟ್ಟಿಯಾಗಿ. ಗಟ್ಟಿಯಾಗಿ ಎಂದರೆ ವೇದಿಕೆಯ ಧಾಟಿಯಲ್ಲಲ್ಲ. ಪಕ್ಕದಲ್ಲಿ ಕೂತವರಿಗೆ ಹೇಳುವಷ್ಟು ದನಿಯಲ್ಲಿ. ಮೊದಲ ಓದಿನಲ್ಲಿ ಕಣ್ಣು ಮುಂದೋಡುತ್ತದೆ, ಯಾಕೆಂದರೆ ದಿನವಿಡೀ ಪತ್ರಿಕೆ, ಕಡತ, ಮೊಬೈಲ್ ಓದಿ ಅದು ಹಾಗೆ ಪಳಗಿದೆ. ನಾಲಿಗೆಗೆ ಆ ವೇಗ ಸಾಧ್ಯವಿಲ್ಲ. ಪ್ರತಿ ಅಕ್ಷರಕ್ಕೂ ಅದು ಸಮಯ ಕೊಡಲೇಬೇಕು. ಕಣ್ಣು ಹಾರಿಸಿದ ಪದ ನಾಲಿಗೆಗೆ ತೊಡರುತ್ತದೆ. ತೊಡರಿದ ಕಡೆ ನಿಂತು ನೋಡಿದರೆ ಬಹಳ ಸಲ ಕವಿತೆಯ ಬಾಗಿಲು ಅಲ್ಲೇ ಇರುತ್ತದೆ.

ಎರಡನೆಯ ಮಾತು: ಅರ್ಥವಾಗಲಿಲ್ಲವೆಂದು ಮುಂದಿನದಕ್ಕೆ ಹೋಗಬೇಡಿ. ಮರುದಿನವೂ ಅದನ್ನೇ ಓದಿ. ಒಂದೇ ಕವಿತೆಯೊಂದಿಗೆ ಹನ್ನೊಂದು ರಾತ್ರಿ ಕಳೆದದ್ದಿದೆ. ಹನ್ನೊಂದನೆಯ ರಾತ್ರಿ ಎಲ್ಲ ತಿಳಿದುಬಿಟ್ಟಿತೆಂದು ಹೇಳುತ್ತಿಲ್ಲ. ಆದರೆ ಪುಸ್ತಕ ತೆರೆಯದೆಯೇ ಅದು ಬಾಯಿಗೆ ಬಂದಿತ್ತು.

ಎರಡನೇ ಸಲ

ಇರುಳೋದು ಅವರ ಮಾತಿನಲ್ಲಿ ಅರ್ಧಕ್ಕೆ ನನ್ನ ಒಪ್ಪಿಗೆ ಇದೆ, ಅರ್ಧಕ್ಕೆ ಇಲ್ಲ. ಎಲ್ಲ ಕವಿತೆಗಳೂ ಬಾಯಿಗಾಗಿ ಹುಟ್ಟಿದವಲ್ಲ. ಕಣ್ಣಿಗಾಗಿ ಬರೆದವೂ ಇವೆ. ಸಾಲು ಎಲ್ಲಿ ಮುರಿದಿದೆ, ಎಲ್ಲಿ ಖಾಲಿ ಜಾಗ ಬಿಟ್ಟಿದೆ, ಎಲ್ಲಿ ಒಂದೇ ಪದ ಒಂಟಿಯಾಗಿ ನಿಂತಿದೆ, ಇವನ್ನು ಗಟ್ಟಿಯಾಗಿ ಓದುವವರು ಸುಲಭವಾಗಿ ದಾಟಿಬಿಡುತ್ತಾರೆ.

ಅಮೆರಿಕದ ಎಮಿಲಿ ಡಿಕಿನ್ಸನ್ ಅವರನ್ನು ನೋಡಿ. 1886ರಲ್ಲಿ ತೀರಿಕೊಂಡಾಗ ಅವರು ಬರೆದಿಟ್ಟ ಕವಿತೆಗಳು ಹತ್ತಿರ ಹತ್ತಿರ 1,800. ಬದುಕಿದ್ದಾಗ ಅಚ್ಚಾದದ್ದು ಹತ್ತರ ಆಸುಪಾಸು. ಅವರು ಸಾಲಿನ ನಡುವೆಯೂ ಕೊನೆಯಲ್ಲೂ ಸಣ್ಣ ಅಡ್ಡಗೆರೆಗಳನ್ನು ಎಳೆಯುತ್ತಿದ್ದರು. ಮೊದಲು ಅಚ್ಚು ಹಾಕಿಸಿದವರು ಅವನ್ನು ತಪ್ಪೆಂದು ಬಗೆದು ಅಲ್ಪವಿರಾಮ, ಪೂರ್ಣವಿರಾಮಗಳಾಗಿ ತಿದ್ದಿದರು. ಕವಿಯ ಹಸ್ತಪ್ರತಿಗೆ ಹತ್ತಿರವಾದ ಸಮಗ್ರ ಆವೃತ್ತಿ ಓದುಗರ ಕೈಗೆ ಬಂದದ್ದು 1955ರಲ್ಲಿ. ಅಲ್ಲಿಯವರೆಗೆ ಜನ ಓದಿದ್ದು ತಿದ್ದಿದ ಕವಿತೆಗಳನ್ನೇ. ಒಂದು ಅಡ್ಡಗೆರೆಗೆ ಅಷ್ಟು ಬೆಲೆ ಇದೆ: ಮಾತು ಮುಗಿದಿಲ್ಲ, ನಿಂತಿದೆ ಎನ್ನುತ್ತದೆ ಅದು. ಪೂರ್ಣವಿರಾಮ ಹಾಕಿದರೆ ಆ ಮಾತು ಮುಗಿದೇ ಹೋಗುತ್ತದೆ.

ಹಾಗಾಗಿ ನನ್ನ ಸಲಹೆ ಬೇರೆ. ಇಷ್ಟವಾದ ಕವಿತೆಯನ್ನು ಕೈಯಿಂದ ನೋಟ್‌ಬುಕ್ಕಿನಲ್ಲಿ ನಕಲು ಮಾಡಿ, ಸಾಲು ಮುರಿದಲ್ಲೇ ಮುರಿದು, ಚಿಹ್ನೆ ಇದ್ದಲ್ಲೇ ಇಟ್ಟು. ಬರೆಯುವಾಗ 'ಈ ಪದ ಯಾಕೆ ಮುಂದಿನ ಸಾಲಿಗೆ ಹೋಯಿತು' ಎಂದು ಕೈ ಕೇಳುತ್ತದೆ. ಆ ಪ್ರಶ್ನೆ ಹುಟ್ಟಿತೆಂದರೆ ನೀವು ಸಾರಾಂಶವನ್ನು ಬಿಟ್ಟು ಕವಿತೆಯನ್ನು ಓದತೊಡಗಿದ್ದೀರಿ ಎಂದೇ ಅರ್ಥ.

ಲಘುಗುರು

ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನು ನಾನು. ಗದ್ಯಪ್ರಿಯರು ಹೇಳಿದ ಸಾರಾಂಶದ ಪ್ರಶ್ನೆಯನ್ನು ಪ್ರಶ್ನೆಪತ್ರಿಕೆಗಳಲ್ಲಿ ನಾನೂ ಹಾಕಿದ್ದೇನೆ. ಅದಕ್ಕಾಗಿ ನನಗೆ ಬೇಸರವಿದೆ. ಅಂಕ ಕೊಡಲು ಅಳತೆಗೋಲು ಬೇಕಿತ್ತು, ಸಾರಾಂಶವನ್ನು ಅಳೆಯಬಹುದಿತ್ತು, ಲಯವನ್ನು ಅಳೆಯಲು ಬರುತ್ತಿರಲಿಲ್ಲ. ಹೀಗೆ ಅಳೆಯಲು ಬಂದದ್ದೇ ಪದ್ಯವಾಗಿಬಿಟ್ಟಿತು.

ಎರಡನೇ ಸಲ ಅವರೇ, ಕಣ್ಣಿಗಾಗಿ ಬರೆದ ಕವಿತೆಗಳಿವೆ ಎಂಬುದನ್ನು ಒಪ್ಪುತ್ತೇನೆ. ಆದರೆ ಅದು ಅಚ್ಚಿನ ಕಾಲದ ಮಾತು. ತಾಳೆಗರಿಯಲ್ಲಿ ಪದ್ಯವನ್ನು ಸಾಲು ಮುರಿದು ಬರೆಯುತ್ತಿರಲಿಲ್ಲ. ಗರಿಯ ಈ ತುದಿಯಿಂದ ಆ ತುದಿಯವರೆಗೆ ಗದ್ಯದಂತೆಯೇ ಒಂದೇ ಸಮ ಕೊರೆದುಕೊಂಡು ಹೋಗುತ್ತಿದ್ದರು. ಹಾಗಾದರೆ ಸಾಲು ಮುಗಿದದ್ದು ಓದುವವನಿಗೆ ಗೊತ್ತಾಗುತ್ತಿದ್ದದ್ದು ಹೇಗೆ? ಕಿವಿಯಿಂದ. ಮಾತ್ರೆ ಎಂದರೆ ಅಕ್ಷರವನ್ನು ಉಚ್ಚರಿಸಲು ಹಿಡಿಯುವ ಹೊತ್ತಿನ ಅಳತೆ, ಅದು ತುಂಬಿದಾಗ ಸಾಲು ತುಂಬಿತು. ಪ್ರಾಸಾಕ್ಷರ ಮತ್ತೆ ಕೇಳಿಸಿದಾಗ ಹೊಸ ಸಾಲು ಶುರುವಾಯಿತು. ಇಂದು ನಾವು ಬಿಳಿ ಜಾಗದಿಂದ ಮಾಡುವ ಕೆಲಸವನ್ನು ಅಂದು ಸದ್ದು ಮಾಡುತ್ತಿತ್ತು.

ಗದ್ಯಪ್ರಿಯ ಅವರೇ, ನಿಮ್ಮ ಅಜ್ಜಿ ಮೊದಲಿಗೆ ಹೋಗಿ ಮತ್ತೆ ಶುರು ಮಾಡುತ್ತಿದ್ದರಲ್ಲ, ಅದರ ಗುಟ್ಟೂ ಇದೇ. ಅವರು ಹೇಳುತ್ತಿದ್ದದ್ದು ಷಟ್ಪದಿ ಇದ್ದೀತು ಎಂದು ನನ್ನ ಊಹೆ. ಭಾಮಿನಿ ಷಟ್ಪದಿಯನ್ನೇ ತೆಗೆದುಕೊಳ್ಳಿ. ಕುಮಾರವ್ಯಾಸ ಭಾರತದ ಹತ್ತು ಪರ್ವಗಳನ್ನು ಹೇಳಿದ್ದು ಇದರಲ್ಲೇ. ಆರು ಸಾಲು. ಹ್ರಸ್ವಾಕ್ಷರ ಲಘು, ಅದಕ್ಕೆ ಒಂದು ಮಾತ್ರೆ. ದೀರ್ಘಾಕ್ಷರ, ಅನುಸ್ವಾರವಿರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ ಗುರು, ಅದಕ್ಕೆ ಎರಡು. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು ನಾಲ್ಕು, ಮೂರು ನಾಲ್ಕು ಎಂದು 14 ಮಾತ್ರೆ. ಮೂರು ಮತ್ತು ಆರನೆಯ ಸಾಲುಗಳಲ್ಲಿ ಅದೇ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು, ಒಟ್ಟು 23. ಆರೂ ಸಾಲುಗಳ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು, ಅದು ಆದಿಪ್ರಾಸ.

ಲೆಕ್ಕ ಕೇಳಿ ಹೆದರಬೇಡಿ. ಈಗಷ್ಟೇ ಕೂತು ಕಟ್ಟಿದ ಮೂರು ಸಾಲು ಇಲ್ಲಿವೆ. ಕಾವ್ಯವೆಂದು ಹೇಳುತ್ತಿಲ್ಲ, ಕೈಯಿಂದ ತೊಡೆ ತಟ್ಟುತ್ತ ಓದಿ ನೋಡಲೆಂದು ಬರೆದದ್ದು:

ಮಳೆಯು ಬಂದಿತು ಕದವ ಮುಚ್ಚುತ
ಹಳೆಯ ಚಾಪೆಯ ಮೇಲೆ ಕೂತೆವು
ಎಳೆಯ ತಂಗಿಯು ಕೇಳುತಿದ್ದಳು ಹನಿಯ ಸದ್ದನ್ನೇ

'ಮಳೆಯು' ಮೂರು, 'ಬಂದಿತು' ನಾಲ್ಕು. 'ಕದವ' ಮೂರು, 'ಮುಚ್ಚುತ' ನಾಲ್ಕು. ಮಳೆ, ಹಳೆ, ಎಳೆ, ಎಲ್ಲದರಲ್ಲೂ ಎರಡನೆಯ ಅಕ್ಷರ ಳಕಾರ. ಮೊದಲೆರಡು ಸಾಲು ಗಿಡ್ಡವಾಗಿ ಹೆಜ್ಜೆ ಹಾಕಿ, ಮೂರನೆಯದು ಉಸಿರು ಎಳೆದು ದೂರ ಹೋಗಿ ಗುರುವಿನ ಮೇಲೆ ಕೂರುತ್ತದೆ. ಇನ್ನು ಮುಂದಿನ ಸಾಲನ್ನು ಮರೆತಿದ್ದೀರಿ ಎಂದುಕೊಳ್ಳಿ. ಅದು ಯಾವುದೋ ಪದದಿಂದ ಶುರುವಾಗಲಾರದು. ಮೊದಲಕ್ಷರ ಲಘು, ಎರಡನೆಯದು ಳಕಾರ, ಒಟ್ಟು ಮೂರು ಮಾತ್ರೆ. ಅಂಥ ಪದಗಳು ಭಾಷೆಯಲ್ಲಿ ಎಷ್ಟಿದ್ದಾವು? ಮೊದಲಿನಿಂದ ಓಡಿ ಬಂದರೆ ಆ ವೇಗವೇ ಪದವನ್ನು ಎಳೆದು ತರುತ್ತದೆ. ಅಜ್ಜಿಗೆ ಲಘು ಗುರು ಎಂಬ ಹೆಸರು ಗೊತ್ತಿರಬೇಕಾಗಿರಲಿಲ್ಲ.

ಉಳಿದ ಮೂರು ಸಾಲನ್ನು ಬೇಕೆಂದೇ ಬಿಟ್ಟಿದ್ದೇನೆ. ನೀವು ಕಟ್ಟಿ. ಕವಿಯಾಗಲೆಂದು ಹೇಳುತ್ತಿಲ್ಲ, ಓದುಗರಾಗಲೆಂದು. ಒಮ್ಮೆ ಸೌದೆ ಸೀಳಿದವನಿಗೆ ಮರದ ನಾರು ಯಾವ ಕಡೆ ಹೋಗುತ್ತದೆ ಎಂಬುದು ಕಣ್ಣಿಗೆ ಕಾಣತೊಡಗುತ್ತದೆ.

ಮೌನದ ಪಾಲು

ಒಂದೇ ಮಾತು ಹೇಳಿ ಹೋಗುತ್ತೇನೆ. ಇಷ್ಟವಾಗದ ಕವಿತೆಯನ್ನು ಇಷ್ಟವಾಗಲಿಲ್ಲ ಎಂದೇ ಹೇಳಿ. ಬಹಳ ದೊಡ್ಡ ಹೆಸರಿನ ಕವಿಯದಾದರೂ ಸರಿ. ಇಷ್ಟವಾದಂತೆ ನಟಿಸಿದ್ದರಿಂದಲೇ ನಾನು ಎಂಟು ವರ್ಷ ಕವಿತೆಯಿಂದ ದೂರ ಇದ್ದೆ.

ಭಾಷಾಂತರಿ

ಅನುವಾದದಲ್ಲಿ ಓದುವವರಿಗೆ ಎರಡು ಮಾತು, ಯಾಕೆಂದರೆ ಹೊಸ ಓದುಗರಲ್ಲಿ ಬಹಳ ಮಂದಿ ಬೇರೆ ನಾಡುಗಳ ಕವಿತೆಯಿಂದಲೇ ಶುರು ಮಾಡುತ್ತಾರೆ.

ಜಪಾನಿನ ಪುಟ್ಟ ಕವಿತೆಯಾದ ಹೈಕುವಿನ ಎಣಿಕೆ ಐದು, ಏಳು, ಐದು ಎಂದು ಎಲ್ಲರಿಗೂ ಗೊತ್ತು. ಆದರೆ ಜಪಾನಿಯಲ್ಲಿ ಎಣಿಸುವುದು ನಮ್ಮ ಅಕ್ಷರಗಳನ್ನಲ್ಲ. ಅಲ್ಲಿ ದೀರ್ಘ ಸ್ವರಕ್ಕೆ ಎರಡು ಎಣಿಕೆ, ಪದದ ಕೊನೆಯ ನಕಾರಕ್ಕೆ ಬೇರೆಯೇ ಒಂದು ಎಣಿಕೆ. ಮೇಷ್ಟರು ಹೇಳಿದ ಮಾತ್ರೆಗೇ ಅದು ಹೆಚ್ಚು ಹತ್ತಿರ. ಕನ್ನಡದ ಹದಿನೇಳು ಅಕ್ಷರಗಳಲ್ಲಿ ಹೇಳಲು ಹೋದರೆ ಮೂಲದಲ್ಲಿ ಇಲ್ಲದ ಮಾತುಗಳನ್ನು ತುಂಬಬೇಕಾಗಿ ಬರುತ್ತದೆ. ಅದಕ್ಕೇ ಎಷ್ಟೋ ಅನುವಾದಕರು ಎಣಿಕೆಯನ್ನು ಬಿಟ್ಟು ಆ ನಡುವಿನ ಕಡಿತವನ್ನು ಉಳಿಸಿಕೊಳ್ಳುತ್ತಾರೆ. ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು, ನಡುವೆ ಏನನ್ನೂ ಹೇಳದೆ ಬಿಡುವ ಆ ಕಡಿತದಲ್ಲೇ ಹೈಕುವಿನ ಜೀವ ಇರುವುದು.

ಗಜಲ್ ಓದುವಾಗ ನಾನು ಬಹಳ ಕಾಲ ತಪ್ಪು ಮಾಡಿದೆ. ಮೊದಲ ದ್ವಿಪದಿಯಿಂದ ಕೊನೆಯದರವರೆಗೆ ಒಂದೇ ಕಥೆ ಹುಡುಕುತ್ತಿದ್ದೆ. ಅಲ್ಲಿ ಪ್ರತಿ ಶೇರ್, ಅಂದರೆ ದ್ವಿಪದಿ, ತನ್ನ ಕಾಲ ಮೇಲೆ ತಾನೇ ನಿಲ್ಲುತ್ತದೆ. ಅವನ್ನು ಒಂದೇ ದಾರದಲ್ಲಿ ಪೋಣಿಸುವುದು ಛಂದಸ್ಸು, ಕಾಫಿಯಾ ಎಂಬ ಪ್ರಾಸ ಮತ್ತು ಕೊನೆಯಲ್ಲಿ ಮರಳಿ ಮರಳಿ ಬರುವ ರದೀಫ್. ಇದು ತಿಳಿದ ದಿನ ನನ್ನ ಹುಡುಕಾಟ ನಿಂತಿತು, ಓದು ಶುರುವಾಯಿತು. ಯಾವ ಪ್ರಕಾರದಿಂದ ಏನನ್ನು ಕೇಳಬೇಕು ಎಂಬಷ್ಟು ತಿಳಿವಳಿಕೆ ಓದುಗರಿಗೆ ಬೇಕೇ ಬೇಕು.

ಸಾಧ್ಯವಾದರೆ ಒಂದೇ ಕವಿತೆಯ ಎರಡು ಅನುವಾದಗಳನ್ನು ಎದುರುಬದುರು ಇಟ್ಟು ಓದಿ. ಎರಡೂ ಒಪ್ಪುವ ಕಡೆ ಮೂಲದ ಗಟ್ಟಿ ನೆಲವಿದೆ. ಎರಡೂ ಬೇರೆಯಾಗುವ ಕಡೆ ಮೂಲದಲ್ಲಿ ಏನೋ ಅನುವಾದಕ್ಕೆ ಬಗ್ಗದೆ ಕೂತಿದೆ. ನಾನಂತೂ ಅಲ್ಲೇ ಹೆಚ್ಚು ಹೊತ್ತು ಕಳೆಯುತ್ತೇನೆ.

ಗದ್ಯಪ್ರಿಯ

ಎಲ್ಲರಿಗೂ ವಂದನೆಗಳು. ಹತ್ತು ದಿನ ನೀವು ಹೇಳಿದಂತೆ ಮಾಡಿದೆ.

ಗಟ್ಟಿಯಾಗಿ ಓದುವುದು ಮೊದಲ ಮೂರು ದಿನ ಬಹಳ ಕಷ್ಟವಾಯಿತು. ಬಾಗಿಲು ಹಾಕಿಕೊಂಡು ಓದಿದರೂ ಸಂಕೋಚ. ನಾಲ್ಕನೆಯ ದಿನ ಒಂದು ಕವಿತೆಯಲ್ಲಿ ಸಾಲು ಸಾಲಿಗೂ ಉಸಿರು ಸಾಲದೆ ನಿಲ್ಲಬೇಕಾಯಿತು. ನನ್ನ ಓದೇ ಸರಿಯಿಲ್ಲ ಎಂದುಕೊಂಡೆ. ಆಮೇಲೆ ನೋಡಿದರೆ ಅದು ಮೆಟ್ಟಿಲು ಹತ್ತುವ ಮುದುಕನ ಬಗ್ಗೆ ಬರೆದ ಕವಿತೆ. ಉಸಿರು ಕಟ್ಟಿಸಿದ್ದು ಕವಿಯೇ. ಇದನ್ನು ಸಾರಾಂಶದಲ್ಲಿ ಹೇಗೆ ಬರೆಯುವುದು?

ಆದರೆ ಇನ್ನೊಂದು ಸಂಕಲನ ನನ್ನನ್ನು ಸೋಲಿಸಿತು. ಹೊಸ ಕಾಲದ್ದು. ಗಟ್ಟಿಯಾಗಿ ಓದಿದೆ, ನಕಲು ಮಾಡಿದೆ, ಐದು ದಿನ ಬಿಡದೆ ಹಿಡಿದೆ. ಒಂದು ಪ್ರತಿಮೆಗೂ ಇನ್ನೊಂದಕ್ಕೂ ಏನು ಸಂಬಂಧವೆಂದೇ ತಿಳಿಯಲಿಲ್ಲ. 'ಕವಿತೆಗೆ ಅರ್ಥ ಮುಖ್ಯವಲ್ಲ, ಅನುಭವಿಸಿ' ಎಂದು ಗೆಳೆಯರೊಬ್ಬರು ಹೇಳಿದರು. ಅನುಭವಿಸಲು ಏನಾದರೂ ಕೈಗೆ ಸಿಗಬೇಕಲ್ಲ?

ನಿಘಂಟು ಪಕ್ಕದಲ್ಲಿ

'ಅರ್ಥ ಮುಖ್ಯವಲ್ಲ' ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಓದುಗರ ಶ್ರಮವನ್ನು ಉಳಿಸಲು ಹೇಳುವ ಮಾತು ಅದು, ಕೊನೆಗೆ ಓದುಗರನ್ನೇ ಬರಿಗೈಯಲ್ಲಿ ಕಳಿಸುತ್ತದೆ. ಕವಿ ಒಂದೊಂದು ಪದವನ್ನೂ ತೂಗಿ ಇಟ್ಟಿರುತ್ತಾನೆ. ಆ ಪದದ ಅರ್ಥ ತಿಳಿಯದೆ ಅನುಭವ ಎಲ್ಲಿಂದ ಬರಬೇಕು?

ಹಳಗನ್ನಡಕ್ಕೆ ಹೆದರುವವರಿಗೆ ನಾನು ಮೊದಲು ಹೇಳಿಕೊಡುವುದು ಒಂದೇ ಸೂತ್ರ. ಪದದ ಮೊದಲಲ್ಲಿ ಪಕಾರ ಕಂಡರೆ ಹಕಾರ ಹಾಕಿ ನೋಡಿ. ಪಾಲ್ ಹಾಲಾಗುತ್ತದೆ, ಪಗಲ್ ಹಗಲಾಗುತ್ತದೆ, ಪಲ್ ಹಲ್ಲಾಗುತ್ತದೆ, ಪೂ ಹೂವಾಗುತ್ತದೆ. ಎಲ್ಲ ಕಡೆ ನಡೆಯುವುದಿಲ್ಲ, ಆದರೆ ಮುಚ್ಚಿದ ಗೋಡೆಯಲ್ಲಿ ಒಂದು ಕಿಟಕಿ ತೆರೆಯಲು ಇಷ್ಟು ಸಾಕು. ಉಳಿದದ್ದಕ್ಕೆ ನಿಘಂಟಿದೆ. ಕಿಟೆಲ್ ಅವರ ಕೋಶ 1894ರದು, ಇಂದಿಗೂ ತೆರೆದಾಗಲೆಲ್ಲ ಹೊಸದೊಂದು ಸಿಗುತ್ತದೆ. ಪದವನ್ನು ಹುಡುಕಲು ಹೋಗಿ ಅದರ ಆಚೀಚೆಯ ನಾಲ್ಕು ಪದಗಳನ್ನು ಓದಿ ಬರುವುದು ನನ್ನ ಅಭ್ಯಾಸ.

ಹೊಸ ಕಾಲದ ಕಠಿಣ ಕವಿತೆಗೂ ಇದೇ ಮಾತು. ಅದು ಪುರಾಣದ ಕಡೆ ಕೈ ತೋರಿಸುತ್ತಿರಬಹುದು, ಆ ಕಾಲದ ರಾಜಕೀಯದ ಕಡೆ ತೋರಿಸುತ್ತಿರಬಹುದು. ಹಿನ್ನೆಲೆ ಹುಡುಕಿ. ಟಿಪ್ಪಣಿ ಓದಿ. ಅದು ಸೋಲಲ್ಲ.

ಇರುಳೋದು

ನಿಘಂಟು ಬೇಡ ಎಂದು ಯಾರೂ ಹೇಳಲಿಲ್ಲವಲ್ಲ. ಆದರೆ ಮೊದಲ ಓದಿನಲ್ಲೇ ನಿಘಂಟು ತೆರೆದು ಕೂತರೆ ಕವಿತೆ ಪದಗಳ ಪಟ್ಟಿಯಾಗಿಬಿಡುತ್ತದೆ. ಮೊದಲು ಮೂರು ದಿನ ಹಾಗೇ ಓದಲಿ. ಯಾವ ಪದ ನಿಜಕ್ಕೂ ಅಡ್ಡ ನಿಂತಿದೆ, ಯಾವುದು ಸುತ್ತಲಿನ ಮಾತುಗಳಿಂದಲೇ ತಿಳಿಯಾಯಿತು ಎಂಬುದು ಆಗ ಗೊತ್ತಾಗುತ್ತದೆ.

ನಿಘಂಟು ಪಕ್ಕದಲ್ಲಿ

ಮೂರು ದಿನ ತಪ್ಪು ಅರ್ಥದೊಂದಿಗೆ ಓದಿದರೆ ಆ ತಪ್ಪು ಅರ್ಥವೇ ಬಾಯಿಪಾಠವಾಗುತ್ತದೆ. ಅದನ್ನು ಕೀಳುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಒಂದು ಪದ್ಯದಲ್ಲಿ 'ಎಲರ್' ಎಂಬುದನ್ನು ಎಲೆ ಎಂದುಕೊಂಡು ವರ್ಷಗಟ್ಟಲೆ ಎಲೆಗಳನ್ನೇ ಕಂಡಿದ್ದೆ. ಅದು ಗಾಳಿ. ತಿಳಿದ ಮೇಲೂ ಆ ಪದ್ಯದಲ್ಲಿ ನನಗೆ ಮೊದಲು ಕಾಣುವುದು ಎಲೆಯೇ.

ಎರಡನೇ ಸಲ

ಇಬ್ಬರ ನಡುವೆ ಬರುತ್ತಿದ್ದೇನೆ. ನಮ್ಮ ಹಳೆಯ ಅಲಂಕಾರಶಾಸ್ತ್ರಜ್ಞರು ಈ ಜಗಳವನ್ನು ಬಹಳ ಹಿಂದೆಯೇ ಆಡಿದ್ದಾರೆ. ಅವರು ಕೊಡುತ್ತಿದ್ದ ಒಂದು ಉದಾಹರಣೆ: 'ಗಂಗೆಯಲ್ಲಿ ಹಟ್ಟಿ ಇದೆ.' ನದಿಯ ನೀರಿನ ಮೇಲೆ ಹಟ್ಟಿ ಇರಲು ಸಾಧ್ಯವಿಲ್ಲ. ಹಾಗಾಗಿ ಗಂಗೆಯ ದಡದಲ್ಲಿ ಎಂದು ಅರ್ಥ ಮಾಡಿಕೊಳ್ಳುತ್ತೇವೆ. ಸಾರಾಂಶ ಬರೆಯುವವರು ಇಲ್ಲಿಗೆ ನಿಲ್ಲುತ್ತಾರೆ. ಆದರೆ ದಡವೆಂದೇ ಹೇಳಬಹುದಿತ್ತಲ್ಲ, ಗಂಗೆಯಲ್ಲಿ ಎಂದು ಯಾಕೆ ಹೇಳಿದರು? ಆ ಹಟ್ಟಿಯ ತಂಪು, ಅದರ ಪಾವಿತ್ರ್ಯ ನಮಗೆ ತಟ್ಟಲೆಂದು. ದಡವೆಂದ ಕೂಡಲೇ ಆ ತಂಪು ಹೊರಟುಹೋಗುತ್ತದೆ. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನ ಧ್ವನಿ ಎಂದು ಕರೆದದ್ದು ಇಂಥ ಸೂಚನೆಯನ್ನೇ, ಕಾವ್ಯದ ಆತ್ಮವೇ ಅದು ಎಂದ.

ಇದರಲ್ಲಿ ಗದ್ಯಪ್ರಿಯರಿಗೆ ಬೇಕಾದ ಉತ್ತರವಿದೆ ಎಂದು ನನಗನಿಸುತ್ತದೆ. ಗಂಗೆ ಎಂದರೆ ನದಿ ಎಂದು ತಿಳಿಯದವನಿಗೆ ಆ ವಾಕ್ಯದಲ್ಲಿ ಯಾವ ತಂಪೂ ಇಲ್ಲ, ಆದ್ದರಿಂದ ನಿಘಂಟು ಬೇಕು. ದಡ ಎಂದು ತಿಳಿದ ಮೇಲೆ ಪುಸ್ತಕ ಮುಚ್ಚುವವನಿಗೂ ತಂಪಿಲ್ಲ, ಆದ್ದರಿಂದ ಮತ್ತೆ ಓದಬೇಕು. 'ನೇರವಾಗಿ ಹೇಳಬಹುದಿತ್ತಲ್ಲ' ಎಂದು ನೀವು ಮೊದಲು ಬರೆದಿರಿ. ನೇರವಾಗಿ ಹೇಳಿದ್ದರೆ ದಡ ಮಾತ್ರ ಸಿಗುತ್ತಿತ್ತು.

ಇನ್ನು ನಿಮ್ಮನ್ನು ಸೋಲಿಸಿದ ಸಂಕಲನ. ಅದನ್ನು ಕಪಾಟಿನಲ್ಲಿಡಿ, ಎಸೆಯಬೇಡಿ. ಕೆಲವು ಕವಿತೆಗಳಿಗೆ ನಮ್ಮ ಬದುಕಿನಲ್ಲಿ ಇನ್ನೂ ಆಗದ ಯಾವುದೋ ಸಂಗತಿ ಆಗಬೇಕಾಗಿರುತ್ತದೆ. ಇಪ್ಪತ್ತೈದರಲ್ಲಿ ಒಣ ಪದಗಳೆಂದು ಬಿಟ್ಟಿದ್ದ ಒಂದು ಕವಿತೆ ತಂದೆ ಹೋದ ತಿಂಗಳಲ್ಲಿ ಅಕಸ್ಮಾತ್ತಾಗಿ ಕಣ್ಣಿಗೆ ಬಿತ್ತು. ಎರಡನೆಯ ಸಾಲು ದಾಟಲು ನನಗೆ ಆಗಲಿಲ್ಲ. ಕವಿತೆಯಲ್ಲಿ ಒಂದು ಅಕ್ಷರವೂ ಬದಲಾಗಿರಲಿಲ್ಲ.

ಹೊಸ ಎಲೆ

ನಾನು ಕಾಲೇಜಿನಲ್ಲಿ ಓದುತ್ತಿರುವವಳು. ಕವಿತೆಗಳನ್ನು ಹುಡುಕಿಕೊಳ್ಳುವುದು ಹೇಗೆಂದು ಯಾರಾದರೂ ಹೇಳುತ್ತೀರಾ? ಗ್ರಂಥಾಲಯದಲ್ಲಿ ಕವನ ಸಂಕಲನಗಳ ಸಾಲೇ ಇದೆ, ಯಾವುದನ್ನು ತೆಗೆಯಬೇಕೆಂದು ತೋಚುವುದಿಲ್ಲ.

ಭಾಷಾಂತರಿ

ಹೊಸ ಎಲೆ ಅವರೇ, ಮೊದಲು ಹಲವು ಕವಿಗಳ ಕವಿತೆಗಳಿರುವ ಆಯ್ದ ಸಂಕಲನ ತೆಗೆದುಕೊಳ್ಳಿ. ನೂರು ಕವಿತೆಗಳಲ್ಲಿ ಮೂರು ಹಿಡಿಸಿದರೂ ಸಾಕು. ಆ ಮೂವರು ಕವಿಗಳ ಒಂದೊಂದು ಪುಸ್ತಕ ಹುಡುಕಿ. ಆಮೇಲೆ ಆ ಕವಿಗಳು ಯಾರನ್ನು ಮೆಚ್ಚಿ ಬರೆದಿದ್ದಾರೆ, ಯಾರನ್ನು ಅನುವಾದ ಮಾಡಿದ್ದಾರೆ ಎಂದು ನೋಡಿ. ಕವಿಗಳಷ್ಟು ಒಳ್ಳೆಯ ದಾರಿತೋರುಗರು ಬೇರೆ ಇಲ್ಲ. ಕವಿಯೇ ಓದಿದ ಧ್ವನಿಮುದ್ರಣ ಸಿಕ್ಕರೆ ಕೇಳಿ, ಆದರೆ ನಿಮ್ಮ ಓದು ಒಮ್ಮೆ ಮುಗಿದ ಮೇಲೆ.

ಲಘುಗುರು

ನಿಘಂಟು ಪಕ್ಕದಲ್ಲಿ ಅವರ 'ಎಲರ್' ಪ್ರಸಂಗ ಓದಿ ಬಹಳ ಹೊತ್ತು ಯೋಚಿಸಿದೆ. ಅರ್ಥ ತಪ್ಪಾಗಿದ್ದರೂ ಅಷ್ಟು ವರ್ಷ ಆ ಪದ್ಯ ಅವರೊಂದಿಗೆ ಇತ್ತಲ್ಲ. ಅದು ಸಣ್ಣದಲ್ಲ.

ಗದ್ಯಪ್ರಿಯರ ಅಜ್ಜಿಯ ವಿಷಯಕ್ಕೆ ಮತ್ತೆ ಬರುತ್ತೇನೆ. ನಮಗೆ ಸಿಕ್ಕಿರುವ ಕನ್ನಡದ ಅತ್ಯಂತ ಹಳೆಯ ಗ್ರಂಥ ಕವಿರಾಜಮಾರ್ಗ, ಒಂಬತ್ತನೆಯ ಶತಮಾನದ್ದು. ಕಾವ್ಯ ಹೇಗಿರಬೇಕು ಎಂದು ಹೇಳಲು ಹೊರಟ ಆ ಗ್ರಂಥ ಈ ನಾಡಿನ ಜನರನ್ನು 'ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್' ಎನ್ನುತ್ತದೆ. ಕೂತು ಓದದೆಯೂ ಕಾವ್ಯದಲ್ಲಿ ನುರಿತವರು ಎಂದು. ತರಗತಿಯಲ್ಲಿ ನಾನು ಇದನ್ನು ಹೆಮ್ಮೆಯ ಮಾತಾಗಿ ಹೇಳುತ್ತಿದ್ದೆ, ಮಕ್ಕಳು ಬರೆದುಕೊಳ್ಳುತ್ತಿದ್ದರು. ಈಗ ನಿಮ್ಮ ಅಜ್ಜಿ ಮರೆತ ಮಾತಿಗಾಗಿ ಪದ್ಯದ ಮೊದಲಿಗೆ ಹೋಗುವ ಚಿತ್ರ ಕಣ್ಣ ಮುಂದೆ ಬಂದಾಗ, ಅದು ಹೆಮ್ಮೆಯ ಮಾತಿಗಿಂತ ಕಂಡದ್ದನ್ನು ಕಂಡಂತೆ ಹೇಳಿದ ಮಾತು ಎನಿಸುತ್ತಿದೆ.

ಉಳಿದ ಮೂರು ಸಾಲು ಏನಾಯಿತು?

ಗದ್ಯಪ್ರಿಯ

ಮೇಷ್ಟರೇ, ನಾಲ್ಕು ದಿನ ಹಿಡಿಯಿತು. ಕಚೇರಿಗೆ ಹೋಗುವಾಗ ಬಸ್ಸಿನಲ್ಲಿ ಕೂತು ಬೆರಳು ಎಣಿಸಿದೆ. ಳಕಾರ ಎರಡನೆಯ ಅಕ್ಷರವಾಗಿರುವ ಪದಗಳು ಇಷ್ಟೊಂದಿವೆ ಎಂದು ನನಗೆ ತಿಳಿದಿರಲಿಲ್ಲ: ಬಳೆ, ಕಳೆ, ತಳಿರು, ಗಿಳಿ, ಇಳೆ, ಒಳಗೆ. ನಿಮ್ಮ ಸಾಲುಗಳೊಂದಿಗೇ ಬರೆಯುತ್ತೇನೆ.

ಮಳೆಯು ಬಂದಿತು ಕದವ ಮುಚ್ಚುತ
ಹಳೆಯ ಚಾಪೆಯ ಮೇಲೆ ಕೂತೆವು
ಎಳೆಯ ತಂಗಿಯು ಕೇಳುತಿದ್ದಳು ಹನಿಯ ಸದ್ದನ್ನೇ
ಹೊಳೆಯು ತುಂಬಿತು ದಾರಿ ಕಾಣದು
ಬೆಳಕು ಹೋಯಿತು ಅಜ್ಜಿ ಬಂದಳು
ಕಳೆದ ಮಾತನು ಮತ್ತೆ ಹುಡುಕುತ ದೀಪ ಹಚ್ಚಿದಳು

ಲಘುಗುರು

ಮಾತ್ರೆ ಎಲ್ಲೂ ತಪ್ಪಿಲ್ಲ. ಕೊನೆಯ 'ಳು' ಲಘುವಾದರೂ ಸಾಲಿನ ತುದಿಯಲ್ಲಿ ಇರುವುದರಿಂದ ಗುರುವೆಂದೇ ಎಣಿಕೆ. ಆರನೆಯ ಸಾಲು ನನ್ನ ಮೂರು ಸಾಲುಗಳನ್ನೂ ಎತ್ತಿ ನಿಲ್ಲಿಸಿತು. ನಾನು ಸುಮ್ಮನೆ ಹಾಕಿದ ಮಳೆಗೆ ಈಗ ಕೆಲಸ ಬಂದಿದೆ.

ಒಂದೇ ಒಂದು ತಕರಾರು. 'ಹೋಯಿತು ಅಜ್ಜಿ' ಎಂಬಲ್ಲಿ ಸ್ವರದ ಮುಂದೆ ಸ್ವರ ಬಂದು ಸಂಧಿಯಾಗದೆ ಉಳಿದಿದೆ. ಹಳಬರು ಇದನ್ನು ವಿಸಂಧಿ ದೋಷ ಎನ್ನುತ್ತಿದ್ದರು. 'ಬೆಳಕು ಹೋದುದ ಕಂಡು ಬಂದಳು' ಎಂದರೆ ಮಾತ್ರೆಯೂ ಸರಿ, ದೋಷವೂ ಇಲ್ಲ. ಅಥವಾ 'ಬೆಳಕು ಹೋಯಿತು ತಾಯಿ ಬಂದಳು' ಎನ್ನಬಹುದು.

ಗದ್ಯಪ್ರಿಯ

ನೀವು ಹೇಳಿದ ಎರಡನ್ನೂ ಗಟ್ಟಿಯಾಗಿ ಓದಿ ನೋಡಿದೆ, ಮೇಷ್ಟರೇ. ಎರಡೂ ನನ್ನ ಸಾಲಿಗಿಂತ ನುಣುಪಾಗಿ ಹರಿಯುತ್ತವೆ. ಆದರೆ 'ಹೋಯಿತು' ಎಂದ ಮೇಲೆ 'ಅಜ್ಜಿ' ಎನ್ನಲು ಗಂಟಲು ಒಂದು ಕ್ಷಣ ನಿಲ್ಲಬೇಕಾಗುತ್ತದೆ. ದೀಪ ಹೋದಾಗ ಅಜ್ಜಿ ಗೋಡೆ ಹಿಡಿದುಕೊಂಡು ನಿಧಾನ ಬರುತ್ತಿದ್ದಳು. ಅವಳು ಬರುವವರೆಗಿನ ಕತ್ತಲೆ ಆ ಕ್ಷಣದಲ್ಲಿದೆ. ತಾಯಿ ಎಂದರೆ ಆ ಕತ್ತಲೆ ಇರುವುದಿಲ್ಲ. ದೋಷವಾದರೂ ಅಜ್ಜಿ ಇರಲಿ ಎಂದು ನನ್ನ ಮನಸ್ಸು.

ಲಘುಗುರು

ನಿಲ್ಲಿಸಿ ಓದಿ ನೋಡಿದೆ. ಅಜ್ಜಿ ಇರಲಿ.

ಇರುಳೋದು

ಇಂದು ರಾತ್ರಿ ಇದನ್ನೇ ಓದುತ್ತೇನೆ. ಎರಡು ಸಲ, ಗಟ್ಟಿಯಾಗಿ.

ಗದ್ಯಪ್ರಿಯ

ಇನ್ನೊಂದು ವಿಷಯ ಹೇಳಲು ಬಂದೆ. ನನಗೆ ನಿಜಕ್ಕೂ ತಂಗಿ ಇದ್ದಾಳೆ, ಮೇಷ್ಟರಿಗೆ ಅದು ಗೊತ್ತಿರಲು ಸಾಧ್ಯವಿರಲಿಲ್ಲ. ನಿನ್ನೆ ಅವಳಿಗೆ ಫೋನ್ ಮಾಡಿ ಆರೂ ಸಾಲನ್ನು ಓದಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅಜ್ಜಿ ಹೇಳುತ್ತಿದ್ದ ಒಂದು ಪದ್ಯದ ಮೊದಲ ಸಾಲನ್ನು ಹೇಳಿದಳು. ಅವಳಿಗೆ ನೆನಪಿದೆ ಎಂದು ಅವಳಿಗೇ ಗೊತ್ತಿರಲಿಲ್ಲ. ಎರಡನೆಯದು ನನ್ನ ಬಾಯಿಗೆ ಬಂತು. ಹೀಗೆ ಒಬ್ಬರು ಬಿಟ್ಟಲ್ಲಿ ಇನ್ನೊಬ್ಬರು ಹಿಡಿದು, ತಪ್ಪಿದಾಗಲೆಲ್ಲ ಮೊದಲಿಗೆ ಹೋಗಿ, ಸುಮಾರು ಒಂದು ಗಂಟೆ ಕೂತೆವು. ಐದು ಸಾಲು ಪೂರ್ತಿ ಸಿಕ್ಕಿವೆ. ನಾಲ್ಕನೆಯ ಸಾಲಿನ ಮೊದಲ ಪದ ಮಾತ್ರ ಇನ್ನೂ ಬಂದಿಲ್ಲ. ಎರಡನೆಯ ಅಕ್ಷರ ರಕಾರ, ಒಟ್ಟು ಮೂರು ಮಾತ್ರೆ. ಇಂದು ಸಂಜೆ ಮತ್ತೆ ಮೊದಲಿನಿಂದ ಹೇಳುತ್ತೇವೆ.